ಮಳೆಗಾಲಕ್ಕೆ ಮುನ್ನ ಕಾರಿನ ಬಸಿಗಾಲುವೆ ಬಿಡಿಸಿಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟ ಇದ್ದವರು ರೋಹಿಣಿ ಮಳೆ ಮುಗಿಯುವುದರೊಳಗೆ ಬಸಿಗಾಲುವೆಯ ಹೂಳೆತ್ತಿ, ದರಕು ಬಾಚಿ, ನೀರು ಹಳ್ಳಕ್ಕೆ ಇಳಿಯುವ ದಾರಿ ಬಿಡಿಸಿಟ್ಟಿರುತ್ತಾರೆ. ಅಡಿಕೆ ಮರಕ್ಕೆ ಮಳೆ ಬೇಕು, ಬುಡದಲ್ಲಿ ನಿಂತ ನೀರು ಮಾತ್ರ ಆಗದು. ಕಾರನ್ನೂ ಹಾಗೇ ನೋಡಬೇಕು. ಸುರಿದು ಹರಿದುಹೋದ ಮಳೆಯಿಂದ ಕಾರಿಗೆ ಆಗುವ ಹಾನಿ ಕಡಿಮೆ. ಟಯರಿನಡಿ, ಬಾಗಿಲಿನ ತಳದಲ್ಲಿ, ಬ್ರೇಕ್ ಆಯಿಲಿನೊಳಗೆ, ಕಾಲಡಿಯ ಮ್ಯಾಟಿನಲ್ಲಿ ದಾರಿ ಕಾಣದೆ ಉಳಿದ ನೀರೇ ಕಾರನ್ನು ಕೆಡಿಸುವುದು, ಕೆಲವೊಮ್ಮೆ ಪ್ರಾಣಕ್ಕೂ ಸಂಚಕಾರ ತರುವುದು. ಹಾಗಾಗಿ ಮಳೆಗಾಲದ ತಯಾರಿ ಎಂದರೆ ಎಲ್ಲೆಲ್ಲಿ ನೀರು ನಿಲ್ಲುತ್ತದೆ ಎಂದು ಹುಡುಕಿ ಅಲ್ಲಲ್ಲಿ ದಾರಿ ಮಾಡಿಕೊಡುವ ಕೆಲಸ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದೇ ಕಾರು ಒಂದೇ ದಿನದಲ್ಲಿ ಮೂರು ಬಗೆಯ ತೇವ ಕಾಣುತ್ತದೆ. ಕಾರವಾರ, ಅಂಕೋಲಾ, ಕುಮಟಾದಲ್ಲಿ ಉಪ್ಪಿನ ಗಾಳಿ. ದೇವಿಮನೆ, ಅರಬೈಲ್, ಅಣಶಿ, ಗೇರುಸೊಪ್ಪೆ ಘಟ್ಟದಲ್ಲಿ ಮೋಡವೇ ರಸ್ತೆಗೆ ಇಳಿದಂಥ ಮಂಜು. ಮೇಲೆ ಹತ್ತಿದರೆ ಗದ್ದೆ ನಾಟಿಯ ಹೊತ್ತಿಗೆ ಟಿಲ್ಲರ್ ಚಕ್ರದಿಂದ ಉದುರಿ ಡಾಂಬರಿನ ಮೇಲೆ ಲೇಪವಾದ ಕೆಂಪು ರಾಡಿ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಮೀ ಮೀರಿ ಬೀಳುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬಂದುಬಿಡುತ್ತದೆ. ಆದ್ದರಿಂದ ಕೆಲಸವೆಲ್ಲ ಮೇ 20ರೊಳಗೆ ಮುಗಿಯಬೇಕು. ಮೊದಲ ಮಳೆ ಬಿದ್ದ ಮೇಲೆ ಗ್ಯಾರೇಜುಗಳಲ್ಲಿ ಸಾಲು ನಿಲ್ಲುತ್ತದೆ ಎನ್ನುವುದು ಒಂದು ಕಾರಣ. ಕೆಲವು ಕೆಲಸಗಳು ಒಣಗಿದ ಕಾರಿನ ಮೇಲಷ್ಟೇ ಆಗುತ್ತವೆ ಎನ್ನುವುದು ದೊಡ್ಡ ಕಾರಣ.

ಟಯರ್

ಟಯರಿನ ಗ್ರಿಪ್ಪಿನ ನಡುವೆ ಇರುವ ಸೀಳುಗಳೂ ಒಂದು ಬಗೆಯ ಕಾಲುವೆಗಳೇ. ಲೆಕ್ಕ ಹಾಕಿ ನೋಡಿ: ರಸ್ತೆಯ ಮೇಲೆ 3 ಮಿಮೀ ನೀರು ನಿಂತಿದೆ, ಟಯರಿನ ಅಗಲ 175 ಮಿಮೀ, ವೇಗ ಗಂಟೆಗೆ 80 ಕಿಮೀ. ಆಗ ಒಂದೊಂದು ಮುಂದಿನ ಟಯರೂ ಸೆಕೆಂಡಿಗೆ 11–12 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಹೆಚ್ಚುಕಡಿಮೆ ಮುಕ್ಕಾಲು ಕೊಡ ನೀರು, ಪ್ರತಿ ಸೆಕೆಂಡಿಗೆ. ಸೀಳು ಆಳವಿದ್ದರೆ ನೀರು ಅದರೊಳಗೆ ಸೇರಿ ಹಿಂದಕ್ಕೂ ಪಕ್ಕಕ್ಕೂ ಹೋಗುತ್ತದೆ. ಸವೆದಿದ್ದರೆ ಹೋಗಲು ಜಾಗವಿಲ್ಲದೆ ಟಯರಿನ ಮುಂದೆ ಬೆಣೆಯಂತೆ ಕಟ್ಟಿಕೊಂಡು ಚಕ್ರವನ್ನೇ ಎತ್ತುತ್ತದೆ. ಆ ಕ್ಷಣ ಸ್ಟೇರಿಂಗು ಬೆಣ್ಣೆಯಂತೆ ಹಗುರಾಗುತ್ತದೆ, ತಿರುಗಿಸಿದರೂ ಕಾರು ತಿರುಗುವುದಿಲ್ಲ. ಹೆದ್ದಾರಿಯ ನಾಲ್ಕು ಪಥದ ಸಮತಟ್ಟು ಭಾಗಗಳಲ್ಲಿ, ಮಧ್ಯದ ವಿಭಜಕಕ್ಕೆ ತಾಗಿ ನೀರು ನಿಂತ ಕಡೆ ಇದು ಹೆಚ್ಚು. ಹಾಗಾದಾಗ ಬ್ರೇಕ್ ಒತ್ತಬಾರದು, ಸ್ಟೇರಿಂಗು ಎಳೆಯಬಾರದು. ಆಕ್ಸಿಲರೇಟರಿನಿಂದ ಕಾಲೆತ್ತಿ, ಸ್ಟೇರಿಂಗು ನೆಟ್ಟಗೆ ಹಿಡಿದು, ಟಯರ್ ಮತ್ತೆ ನೆಲ ಕಚ್ಚುವವರೆಗೆ ಕಾಯಬೇಕು.

ಹೊಸ ಟಯರಿನ ಸೀಳು 7–8 ಮಿಮೀ ಆಳ. ಕಾನೂನು 1.6 ಮಿಮೀವರೆಗೆ ಓಡಿಸಲು ಬಿಡುತ್ತದೆ; ಟಯರಿನ ಅಂಚಿನಲ್ಲಿ ಪುಟ್ಟ ತ್ರಿಕೋನದ ಗುರುತು ಇರುವ ಕಡೆ, ಸೀಳಿನೊಳಗೆ ಅಡ್ಡಕ್ಕೆ ಇರುವ ರಬ್ಬರ್ ದಿಬ್ಬ ಆ ಮಟ್ಟವನ್ನು ತೋರಿಸುತ್ತದೆ. ನಮ್ಮ ಮಳೆಗೆ ಈ 1.6 ಸಾಲದು. 3 ಮಿಮೀಗಿಂತ ಕೆಳಗೆ ಹೋದ ಟಯರನ್ನು ಮೇ ತಿಂಗಳಲ್ಲೇ ಬದಲಿಸಿ. ಬೇಸಿಗೆಯಲ್ಲಿ ಇನ್ನೂ ಆರು ತಿಂಗಳು ಓಡಬಹುದಾಗಿದ್ದ ಟಯರ್ ಮಳೆಗಾಲದ ಮಟ್ಟಿಗೆ ಮುಗಿದದ್ದೇ. ಆಳವನ್ನು ಒಂದೇ ಕಡೆ ಅಳೆದು ಬಿಡಬೇಡಿ: ಒಳಅಂಚು, ನಡು, ಹೊರಅಂಚು ಮೂರೂ ಕಡೆ ನೋಡಿ. ಒಳಅಂಚು ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಾಗಿತ್ತು.

ಗ್ರಿಪ್ ಚೆನ್ನಾಗಿದ್ದರೂ ರಬ್ಬರ್ ಮುದಿಯಾಗಿರಬಹುದು. ಟಯರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ ರಬ್ಬರ್ ಗಡುಸಾಗಿ, ಒದ್ದೆ ಡಾಂಬರಿನ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಪೇಟೆಗೆ ಹೋಗಿಬರುವ ಕಾರುಗಳಲ್ಲಿ ಈ ಸಮಸ್ಯೆ ಹೆಚ್ಚು, ಏಕೆಂದರೆ ಟಯರ್ ಸವೆಯುವ ಮೊದಲೇ ಮುದಿಯಾಗಿರುತ್ತದೆ.

ಮಳೆಗಾಲದಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಬರುತ್ತದೆ ಎಂಬ ಮಾತು ಹಲವರ ಬಾಯಲ್ಲಿದೆ. ಗದ್ದೆ ಕೆಸರಿಗೆ ಅದು ಸರಿ, ಡಾಂಬರಿಗೆ ತಲೆಕೆಳಗು. ನೀರನ್ನು ಒತ್ತಿ ಹೊರಹಾಕುವುದೇ ಟಯರಿನ ಒಳಗಿನ ಗಾಳಿಯ ಒತ್ತಡ. ವಿಮಾನದ ಚಕ್ರಗಳ ಮೇಲೆ ಪ್ರಯೋಗ ನಡೆಸಿ ನಾಸಾ ಕೊಟ್ಟ ಸೂತ್ರದಲ್ಲಿ 32 ಪಿಎಸ್‌ಐ ಗಾಳಿಯ ಟಯರ್ ನೀರಿನ ಮೇಲೆ ತೇಲತೊಡಗುವುದು ಗಂಟೆಗೆ ಸುಮಾರು 94 ಕಿಮೀ ವೇಗದಲ್ಲಿ. 24 ಪಿಎಸ್‌ಐಗೆ ಇಳಿಸಿದರೆ ಅದು 82ಕ್ಕೆ ಬರುತ್ತದೆ. ಸವೆದ ಟಯರ್ ಇದಕ್ಕಿಂತ ಎಷ್ಟೋ ಮೊದಲೇ ತೇಲುತ್ತದೆ. ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಬರೆದಷ್ಟೇ ಗಾಳಿ, ಟಯರ್ ತಣ್ಣಗಿದ್ದಾಗ, ಹದಿನೈದು ದಿನಕ್ಕೊಮ್ಮೆ ಹೊಡೆಸಿ. ಸ್ಟೆಪ್ನಿಯನ್ನು ಮರೆಯಬೇಡಿ.

ಎರಡೇ ಟಯರ್ ಹೊಸದು ಹಾಕಿಸುವುದಾದರೆ ಅವು ಹಿಂದಿನ ಚಕ್ರಗಳಿಗೆ ಹೋಗಲಿ. ಎಂಜಿನ್ ಮುಂದಿನ ಚಕ್ರ ತಿರುಗಿಸುತ್ತದೆಂದು ಮುಂದೆ ಹಾಕುವ ರೂಢಿ ಇದೆ. ಮುಂದಿನ ಟಯರ್ ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ವೇಗ ಇಳಿಸಿದರೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಘಟ್ಟದ ತಿರುವಿನಲ್ಲಿ ಅದನ್ನು ಸರಿಪಡಿಸಿಕೊಳ್ಳಲು ಜಾಗವೇ ಇರುವುದಿಲ್ಲ.

ಗಾಜು, ವೈಪರ್, ಆವಿ

ವೈಪರ್ ರಬ್ಬರ್ ಕೆಡುವುದು ಏಪ್ರಿಲ್–ಮೇ ಬಿಸಿಲಿನಲ್ಲಿ, ಗೊತ್ತಾಗುವುದು ಜೂನ್‌ನಲ್ಲಿ. ಒಂದೇ ಗೆರೆಯಾಗಿ ನೀರು ಉಳಿಸಿದರೆ ರಬ್ಬರ್ ಹರಿದಿದೆ. ಕರಕರ ಎಂದು ಎಗರುತ್ತ ಹೋದರೆ ಗಟ್ಟಿಯಾಗಿದೆ ಅಥವಾ ಗಾಜಿಗೆ ಜಿಡ್ಡು ಹಿಡಿದಿದೆ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಎರಡನ್ನೂ ಬದಲಿಸಿ. ಎಡಬಲಕ್ಕೆ ಉದ್ದ ಬೇರೆಬೇರೆ ಇರುವುದರಿಂದ ಹಳೆಯದನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ. ಬ್ಲೇಡ್ ಬಿಚ್ಚಿದ ಮೇಲೆ ಕಬ್ಬಿಣದ ತೋಳು ಸ್ಪ್ರಿಂಗಿನ ಬಲದಿಂದ ಗಾಜಿನ ಮೇಲೆ ಬಿದ್ದರೆ ಗಾಜೇ ಸೀಳಬಹುದು. ದಪ್ಪ ಟವೆಲ್ಲೊಂದನ್ನು ಮಡಚಿ ಕೆಳಗೆ ಹಾಸಿಕೊಳ್ಳಿ.

ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು ನೋಡಿ. ಒಂದೇ ಪದರವಾಗಿ ಇಳಿದರೆ ಗಾಜು ಶುದ್ಧ. ಮುರುಕು ಮುರುಕಾಗಿ ಅಂಟಿಕೊಂಡರೆ ಲಾರಿ ಹೊಗೆಯ ಎಣ್ಣೆ ಕೂತಿದೆ. ರಾತ್ರಿ ಎದುರಿನ ಬೆಳಕು ಬಿದ್ದಾಗ ಕಣ್ಣು ಕುಕ್ಕುವುದು ಅದರಿಂದಲೇ. ಒಂದು ಲೀಟರ್ ನೀರಿಗೆ ಅರ್ಧ ಚಮಚ ಪಾತ್ರೆ ತೊಳೆಯುವ ದ್ರವ ಸೋಪು ಹಾಕಿ ಉಜ್ಜಿ, ಚೆನ್ನಾಗಿ ತೊಳೆದು, ಹಳೆ ಪತ್ರಿಕೆಯಿಂದ ಒರೆಸಿದರೆ ಸಾಕು. ಒಳಮೈಯನ್ನೂ ಹೀಗೇ ಒರೆಸಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಸಿಲಿಗೆ ಬಿಟ್ಟ ಜಿಡ್ಡು ಅಲ್ಲಿ ಪೊರೆಯಾಗಿರುತ್ತದೆ, ಆವಿ ಮೊದಲು ಕಚ್ಚಿಕೊಳ್ಳುವುದು ಅದರ ಮೇಲೆಯೇ.

ಆವಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮಲ್ಲಿ ಎರಡು ಬಗೆಯ ಆವಿ ಉಂಟು, ಮದ್ದು ಒಂದಕ್ಕೊಂದು ಉಲ್ಟಾ. ಘಟ್ಟ ಹತ್ತುವಾಗ ಹೊರಗೆ ತಣ್ಣಗೆ, ಒಳಗೆ ನಾಲ್ಕೈದು ಜನರ ಉಸಿರು, ಒದ್ದೆ ಬಟ್ಟೆ, ಒದ್ದೆ ಕೊಡೆ. ಆಗ ಆವಿ ಗಾಜಿನ ಒಳಗೆ ಕೂರುತ್ತದೆ. ಎಸಿ ಹಾಕಿ, ತಾಪವನ್ನು ಬೆಚ್ಚನೆ ಕಡೆಗೆ ತಿರುಗಿಸಿ, ಗಾಳಿಯನ್ನು ಮುಂದಿನ ಗಾಜಿಗೆ ಬಿಡಿ, ಹೊರಗಿನ ಗಾಳಿ ಬರುವ ಗುಂಡಿ ಒತ್ತಿ. ಎಸಿಯ ತಣ್ಣನೆ ಕಾಯಿಲಿನ ಮೇಲೆ ಗಾಳಿಯ ತೇವ ಹನಿಯಾಗಿ ಇಳಿದುಹೋಗುತ್ತದೆ, ಗಾಜಿಗೆ ತಾಗುವುದು ಒಣ ಗಾಳಿ. ಚಳಿ ಆಗುತ್ತದೆಂದು ಎಸಿ ಆರಿಸಿ, ಒಳಗಿನ ಗಾಳಿಯನ್ನೇ ಸುತ್ತಿಸಿದರೆ ಒಂದೆರಡು ನಿಮಿಷದಲ್ಲಿ ಏನೂ ಕಾಣದಂತಾಗುತ್ತದೆ. ಕರಾವಳಿಯ ಸೆಕೆಯ ರಾತ್ರಿಯಲ್ಲಿ ಇದರ ತದ್ವಿರುದ್ಧ. ಎಸಿ ಜೋರಾಗಿದ್ದು ಗಾಜು ತಣ್ಣಗಾದರೆ ಹೊರಗಿನ ತೇವ ಗಾಜಿನ ಹೊರಮೈಗೆ ಕೂರುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಹೋಗದು. ವೈಪರ್ ಒಮ್ಮೆ ಆಡಿಸಿ, ಗಾಳಿಯನ್ನು ಗಾಜಿನಿಂದ ತಪ್ಪಿಸಿ, ತಾಪ ಒಂದೆರಡು ಹಂತ ಏರಿಸಿ. ಯಾವ ಆವಿ ಎಂದು ತಿಳಿಯದಿದ್ದರೆ ಬೆರಳಿನಿಂದ ಒಳಗೆ ಒಂದು ಗೆರೆ ಎಳೆಯಿರಿ. ಗೆರೆ ಮೂಡಿದರೆ ಆವಿ ಒಳಗಿದೆ. ಡಿಸೆಂಬರ್–ಜನವರಿಯ ಶಿರಸಿಯ ಮಂಜಿನ ಬೆಳಗಿಗೂ ಇದೇ ಉಪಾಯ.

ನೀರು ಹೊರಹೋಗುವ ತೂತುಗಳು

ಯಾವ ಸರ್ವೀಸ್ ಪಟ್ಟಿಯಲ್ಲೂ ಎದ್ದು ಕಾಣದ, ಆದರೆ ಮಲೆನಾಡಿನ ಕಾರಿಗೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಬಾನೆಟ್ ಎತ್ತಿದಾಗ ಗಾಜಿನ ಬುಡದಲ್ಲಿ, ವೈಪರಿನಡಿ, ಜಾಲರಿಯಂಥ ಕಪ್ಪು ಪ್ಲಾಸ್ಟಿಕ್ ಪಟ್ಟಿ ಕಾಣುತ್ತದೆ. ಗಾಜಿನಿಂದ ಇಳಿದ ನೀರೆಲ್ಲ ಅದರೊಳಗೆ ಬಿದ್ದು ಎರಡೂ ತುದಿಯ ತೂತಿನಿಂದ ಹೊರಹೋಗಬೇಕು. ಮಾವಿನ ಮರದಡಿಯೋ ಹಲಸಿನ ಮರದಡಿಯೋ ನಿಲ್ಲಿಸಿದ ಕಾರಿನಲ್ಲಿ ಇದನ್ನು ಬಿಚ್ಚಿದರೆ ಹೂವಿನ ಪುಡಿ, ಎಲೆತೊಟ್ಟು, ಮಣ್ಣು ಸೇರಿ ಗೊಬ್ಬರವೇ ಆಗಿರುತ್ತದೆ. ತೂತು ಮುಚ್ಚಿದ ದಿನ ನೀರು ಏರಿ ಬ್ಲೋವರಿನ ಬಾಯಿಯಿಂದ ಒಳನುಗ್ಗಿ ಕಾಲಡಿಯಲ್ಲಿ ನಿಲ್ಲುತ್ತದೆ. ಕೈಯಿಂದ ಬಾಚಿ ತೆಗೆದು, ಒಂದು ಬಕೆಟ್ ನೀರನ್ನು ನಿಧಾನ ಸುರಿಯಿರಿ. ಮುಂದಿನ ಚಕ್ರದ ಹಿಂದೆ ಎರಡೂ ಬದಿ ಧಾರೆ ಇಳಿದರೆ ದಾರಿ ಸರಿಯಿದೆ.

ಬಾಗಿಲುಗಳಲ್ಲೂ ಹೀಗೇ. ಗಾಜು ಏರಿಳಿಯುವ ಸಂದಿಯಿಂದ ನೀರು ಬಾಗಿಲಿನ ಹೊಟ್ಟೆಗೆ ಇಳಿಯುವುದು ದೋಷವಲ್ಲ, ಅದು ತಳದ ಅಂಚಿನ ತೂತುಗಳಿಂದ ಹೊರಬೀಳಲೆಂದೇ ಮಾಡಿದ್ದು. ಬಾಗಿಲು ತೆರೆದು ತಳದಂಚಿಗೆ ಬೆರಳಾಡಿಸಿದರೆ ಎರಡರಿಂದ ನಾಲ್ಕು ಕಿರುತೂತು ಸಿಗುತ್ತವೆ. ಕೆಂಪು ಧೂಳು ತೇವಕ್ಕೆ ಗಾರೆಯಂತೆ ಕಟ್ಟಿರುತ್ತದೆ. ತೆಂಗಿನ ಹಿಡಿಕಡ್ಡಿಯ ದಪ್ಪ ತುದಿಯಿಂದ ಮೆಲ್ಲಗೆ ಬಿಡಿಸಿ. ತಂತಿ, ಸ್ಕ್ರೂಡ್ರೈವರ್ ಬೇಡ, ಬಣ್ಣ ಕೆರೆದರೆ ತುಕ್ಕು ಅಲ್ಲಿಂದಲೇ ಹುಟ್ಟುತ್ತದೆ. ಬಾಗಿಲು ತೆರೆಯುವಾಗ ಒಳಗಿಂದ ಗುಳುಗುಳು ಸದ್ದು ಬಂದರೆ ನೀರು ಆಗಲೇ ನಿಂತಿದೆ ಎಂದು ತಿಳಿಯಿರಿ.

ಸನ್‌ರೂಫ್ ಇರುವ ಕಾರಿನಲ್ಲಿ ನಾಲ್ಕು ಮೂಲೆಯ ಸಣ್ಣ ಕೊಳವೆಗಳಿವೆ. ಒಂದೊಂದು ಲೋಟ ನೀರು ಬಿಟ್ಟು ಕೆಳಗೆ ಇಳಿಯುತ್ತದೆಯೇ ನೋಡಿ. ಎಸಿಯ ನೀರು ಹೊರಹೋಗುವ ಪೈಪು ಕಟ್ಟಿದರೆ ಎಡಗಡೆ ಸೀಟಿನ ಕಾಲಡಿ ಒದ್ದೆಯಾಗುತ್ತದೆ. ಎಸಿ ಹಾಕಿ ಹದಿನೈದು ನಿಮಿಷವಾದರೂ ಕಾರಿನಡಿ ಹನಿ ತೊಟ್ಟಿಕ್ಕದಿದ್ದರೆ ಅದನ್ನೇ ಅನುಮಾನಿಸಿ. ಬೂಷ್ಟು ವಾಸನೆ ಬಂದರೆ ಗ್ಲೋವ್‌ಬಾಕ್ಸಿನ ಹಿಂದಿನ ಎಸಿ ಫಿಲ್ಟರ್ ಬದಲಿಸಿ, ಸುಗಂಧ ಹೊಡೆದು ಮುಚ್ಚಬೇಡಿ.

ಬ್ರೇಕ್

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ತಾನಾಗಿ ಹೀರಿಕೊಳ್ಳುತ್ತದೆ. ನಮ್ಮಂಥ ಹವೆಯಲ್ಲಿ ಇನ್ನೂ ಬೇಗ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವಂತಿಲ್ಲ, ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ದೇವಿಮನೆಯಿಂದ ಕುಮಟೆಯ ಕಡೆಗೋ ಅರಬೈಲಿನಿಂದ ಅಂಕೋಲೆಯ ಕಡೆಗೋ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡ್ ಕಾದು, ಆಯಿಲಿನೊಳಗಿನ ನೀರು ಆವಿಯಾಗುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಹಾಗಾಗಿ ಪೆಡಲ್ ನೆಲದವರೆಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಪೂರ್ತಿ ಬದಲಿಸಿ. ಮೇಲಿನ ಡಬ್ಬಿಗೆ ತುಂಬಿಸಿದರೆ ಸಾಲದು, ನಾಲ್ಕೂ ಚಕ್ರದಿಂದ ಹಳೆಯದು ಹೊರಬರಬೇಕು. ಪ್ಯಾಡ್ 3 ಮಿಮೀಗಿಂತ ತೆಳುವಾಗಿದ್ದರೆ ಅದೂ ಹೊಸದಾಗಲಿ. ಇಳಿಯುವಾಗ ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ, ಎಂಜಿನ್ನೇ ಕಾರನ್ನು ಹಿಡಿದುಕೊಳ್ಳಲಿ.

ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವ ದೂರದ ಅಂದಾಜು ಇರಲಿ. ಗಂಟೆಗೆ 60 ಕಿಮೀ ವೇಗದಲ್ಲಿ ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ 17 ಮೀಟರ್ ಕಳೆದಿರುತ್ತದೆ. ಆಮೇಲೆ ಒಣ ಡಾಂಬರಿನಲ್ಲಿ ಸುಮಾರು 20 ಮೀಟರ್, ಒದ್ದೆಯಲ್ಲಿ 35. ಟಯರ್ ಸವೆದಿದ್ದರೆ, ಟಿಲ್ಲರಿನ ರಾಡಿ ಇದ್ದರೆ ಇನ್ನೂ ಹೆಚ್ಚು. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಪೆಡಲ್ ಗಡಗಡ ನಡುಗಿದರೆ ಹೆದರಿ ಕಾಲು ತೆಗೆಯಬೇಡಿ, ಅದು ಕೆಲಸ ಮಾಡುತ್ತಿರುವ ಲಕ್ಷಣ.

ಬ್ಯಾಟರಿ, ದೀಪ, ತುಕ್ಕು

ಮಳೆಯಲ್ಲಿ ವೈಪರ್, ಬ್ಲೋವರ್, ಹೆಡ್‌ಲೈಟ್ ಒಟ್ಟಿಗೇ ಓಡುತ್ತವೆ. ನಾಲ್ಕು ವರ್ಷ ದಾಟಿದ ಬ್ಯಾಟರಿ ಕೈಕೊಡುವುದು ಆಗಲೇ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್, ಎಂಜಿನ್ ಓಡುವಾಗ 13.8ರಿಂದ 14.5 ಬರಬೇಕು. ಟರ್ಮಿನಲ್ಲಿನ ಬಿಳಿ-ಹಸಿರು ಪುಡಿಗೆ ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಹಾಕಿ ಉಜ್ಜಿ. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಒಣಗಿಸಿ ವ್ಯಾಸಲೀನ್ ಸವರಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಮರಳುತ್ತದೆ, ಡಿಮ್ಮೇ ಸರಿ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವ ಚಾಳಿ ಬಿಡಬೇಕು: ನೀವು ಎತ್ತ ತಿರುಗುತ್ತೀರಿ ಎಂದು ಹಿಂದಿನವರಿಗೆ ತಿಳಿಯುವುದೇ ಇಲ್ಲ.

ಕಾರಿನಡಿಗೆ ಅಂಡರ್ ಕೋಟಿಂಗ್ ಮಾಡಿಸುವುದಾದರೆ ಮೇ ತಿಂಗಳ ಬಿಸಿಲಲ್ಲಿ ಮಾತ್ರ. ಒದ್ದೆ ಮಣ್ಣಿನ ಮೇಲೋ ತುಕ್ಕಿನ ಮೇಲೋ ಬಳಿದರೆ ತೇವ ಒಳಗೇ ಬಂಧಿಯಾಗಿ ತಗಡನ್ನು ತಿನ್ನುತ್ತದೆ. ಬಳಿಯುವವರು ತಳದ ತೂತುಗಳನ್ನೂ ಮುಚ್ಚಿಬಿಡುವುದುಂಟು, ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ಸಮುದ್ರದ ಹತ್ತಿರ ಇರುವವರು ಹದಿನೈದು ದಿನಕ್ಕೊಮ್ಮೆ ಚಕ್ರದ ಮೇಲಿನ ಕಮಾನಿನ ಒಳಗೆ ಸಿಹಿನೀರು ಹಾಯಿಸಿ. ಪ್ಲಾಸ್ಟಿಕ್ ಹೊದಿಕೆಯನ್ನು ಒದ್ದೆ ಕಾರಿನ ಮೇಲೆ ಹಾಕಬೇಡಿ.

ರಸ್ತೆಯ ಮೇಲೆ ನೀರು ಹರಿಯುವಾಗ

ಕಾರು ಎಷ್ಟು ನೀರಿನಲ್ಲಿ ತೇಲುತ್ತದೆ? ಸಣ್ಣ ಕಾರಿನ ತಳ ಅಂದಾಜು 3.5 ಮೀಟರ್ ಉದ್ದ, 1.5 ಮೀಟರ್ ಅಗಲ. ತಳಕ್ಕೆ ನೀರು ತಾಗಿದ ಮೇಲೆ ಏರುವ ಪ್ರತಿ ಒಂದು ಸೆಂಟಿಮೀಟರ್ ನೀರು ಸುಮಾರು 52 ಕಿಲೋ ಭಾರವನ್ನು ಎತ್ತುತ್ತದೆ. 850 ಕಿಲೋ ಕಾರಿಗೆ 16 ಸೆಂಮೀ ಸಾಕು. ತಳ ನೆಲದಿಂದ 17 ಸೆಂಮೀ ಮೇಲಿದ್ದರೆ ಒಟ್ಟು 33 ಸೆಂಮೀ, ಮೊಣಕಾಲಿಗಿಂತ ಕೆಳಗೆ. ಪೂರ್ತಿ ತೇಲುವ ಮೊದಲೇ ಚಕ್ರದ ಹಿಡಿತ ಹೋಗಿ, ಹರಿಯುವ ನೀರು ಕಾರನ್ನು ಪಕ್ಕಕ್ಕೆ ನೂಕುತ್ತದೆ. ಕೆಂಪು ನೀರಿನಡಿ ಮೋರಿಯ ಅಂಚು ಕುಸಿದಿದ್ದರೂ ಕಾಣದು. ಹರಿಯುವ ನೀರಿಗೆ ಕಾರು ಇಳಿಸಬೇಡಿ, ಮುಂದಿನ ಬಸ್ಸು ದಾಟಿತು ಎಂಬ ಧೈರ್ಯದಲ್ಲೂ ಬೇಡ. ಬಸ್ಸಿನ ಭಾರವೇ ಬೇರೆ.

ನಿಂತ ನೀರು ಚಕ್ರದ ನಡುವಿನವರೆಗೂ ಇಲ್ಲದಿದ್ದರೆ ಮೊದಲ ಗೇರಿನಲ್ಲಿ, ನಿಲ್ಲಿಸದೆ, ಅಲೆ ಏಳದಂತೆ ದಾಟಬಹುದು. ದಾಟಿದ ಮೇಲೆ ಬ್ರೇಕನ್ನು ನಾಲ್ಕಾರು ಸಲ ಹಗುರಾಗಿ ಒತ್ತಿ ಒಣಗಿಸಿ. ಮಧ್ಯದಲ್ಲಿ ಎಂಜಿನ್ ನಿಂತರೆ ಮತ್ತೆ ಕೀಲಿ ತಿರುಗಿಸಲೇಬಾರದು. ಗಾಳಿಯ ಬದಲು ನೀರು ಸಿಲಿಂಡರಿಗೆ ಹೋಗಿರುತ್ತದೆ, ಪಿಸ್ಟನ್ ಮೇಲೆ ಬಂದಾಗ ನೀರು ಕುಗ್ಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಮೇಲೆ ತಂದರೆ ಸಣ್ಣ ಖರ್ಚಿನಲ್ಲಿ ಮುಗಿಯಬಹುದಾದದ್ದು, ಒಂದು ಸಲ ಸೆಲ್ಫ್ ಹೊಡೆದದ್ದರಿಂದ ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ಎಂಜಿನ್ ಪ್ರೊಟೆಕ್ಷನ್ ಸೇರಿಸದ ವಿಮೆಯಲ್ಲಿ ಈ ಹಾನಿಗೆ ಸಾಮಾನ್ಯವಾಗಿ ಹಣ ಸಿಗುವುದಿಲ್ಲ, ಪಾಲಿಸಿ ತೆಗೆದು ಈಗಲೇ ಓದಿಕೊಳ್ಳಿ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66ರ ಬದಿಯ ಚಹಾ ಅಂಗಡಿ, ನಿಂತಿದ್ದ ವಾಹನಗಳು ಗಂಗಾವಳಿಗೆ ಕೊಚ್ಚಿಹೋದವು, ಜೀವಗಳು ಹೋದವು. ಕಡಿದ ಧರೆಯ ಬುಡದಲ್ಲಿ, ಮಳೆ ಎಷ್ಟೇ ಕಡಿಮೆಯಾಗಿದ್ದರೂ, ಕಾರು ನಿಲ್ಲಿಸಬೇಡಿ. ಧರೆಯಿಂದ ತಿಳಿಯಾಗಿ ಒಸರುತ್ತಿದ್ದ ನೀರು ಕೆಂಪಗಾದರೆ, ಸಣ್ಣ ಕಲ್ಲು ಉರುಳಿ ಬಂದರೆ, ಮರ ವಾಲಿದ್ದರೆ ಹಿಂತಿರುಗಿ. ಹೊರಡುವ ಮೊದಲು ಘಟ್ಟ ತೆರೆದಿದೆಯೇ ಎಂದು ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕೇಳಿ; ತುರ್ತಿಗೆ 112. ಘಟ್ಟದೊಳಗೆ ಹಲವೆಡೆ ಫೋನ್ ಸಿಗುವುದಿಲ್ಲವಾದ್ದರಿಂದ ಯಾವ ದಾರಿ, ಎಷ್ಟು ಹೊತ್ತಿಗೆ ಎಂದು ಮನೆಯಲ್ಲಿ ಹೇಳಿ ಹೊರಡಿ.

ಡಿಕ್ಕಿಯಲ್ಲಿ ಟಾರ್ಚು, ಹಗ್ಗ, ರಸ್ತೆಗೆ ಬಿದ್ದ ಕೊಂಬೆ ಕಡಿಯಲು ಕತ್ತಿ, ಕೆಸರಿಗೆ ಎರಡು ಗೋಣಿಚೀಲ ಇರಲಿ. ಜೊತೆಗೆ ಒಂದು ಅಡಿ ಚೌಕದ ದಪ್ಪ ಹಲಗೆ: ಮಳೆಯಲ್ಲಿ ನೆನೆದ ಮಣ್ಣಿನ ಮೇಲೆ ಜಾಕ್ ಇಟ್ಟರೆ ಕಾರು ಏಳುವ ಬದಲು ಜಾಕೇ ಇಳಿಯುತ್ತದೆ.

ಜಡಿಮಳೆಯಲ್ಲಿ ಕಾರು ನಾಲ್ಕೈದು ದಿನ ಅಂಗಳದಲ್ಲೇ ನಿಲ್ಲುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಎಳೆದಿಟ್ಟರೆ ಹಿಂದಿನ ಚಕ್ರದ ಡ್ರಮ್ಮಿನಲ್ಲಿ ಬ್ರೇಕ್ ಶೂ ತುಕ್ಕಿಗೆ ಅಂಟಿಕೊಳ್ಳುತ್ತದೆ. ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ಇಲಿ ಗೂಡು ಕಟ್ಟಿದೆಯೇ ನೋಡಿ. ಬಟ್ಟೆಯ ಮ್ಯಾಟ್ ತೆಗೆದಿಟ್ಟು ರಬ್ಬರಿನದು ಹಾಕಿ. ಆಶ್ಲೇಷ ಮಳೆಯ ನಡುವೆ ಒಂದು ದಿನ ಬಿಸಿಲು ಕಂಡರೂ ನಾಲ್ಕೂ ಬಾಗಿಲು ತೆರೆದಿಟ್ಟು, ಮ್ಯಾಟ್ ಎತ್ತಿ ಅಡಿಯ ಕಾರ್ಪೆಟ್ಟಿಗೆ ಅಂಗೈ ಒತ್ತಿ ನೋಡಿ. ತಣ್ಣಗೆ ತೇವ ತಾಗಿದರೆ ಒರೆಸಿ ಬಿಡಬೇಡಿ. ಎಡಗಡೆ ಮಾತ್ರ ಇದ್ದರೆ ಎಸಿ ಪೈಪು, ಎರಡೂ ಕಡೆ ಇದ್ದರೆ ವೈಪರಿನಡಿಯ ತೂತು, ಬಾಗಿಲಿನ ಅಂಚಿಗಷ್ಟೇ ಇದ್ದರೆ ರಬ್ಬರ್ ಬೀಡಿಂಗು ಎಂದುಕೊಂಡು ಅಲ್ಲಿಂದ ಹುಡುಕಲು ಶುರುಮಾಡಿ.